ರಸ್ತೆಯೂ ತರುಣರೂ



ಮೂವತ್ತನಾಲ್ಕು ವರ್ಷಗಳ ಕಾಲ ಕಾಲೇಜುಗಳಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು ನಾನು. ಛಂದಸ್ಸು, ವ್ಯಾಕರಣ, ಕಾವ್ಯಮೀಮಾಂಸೆಗಳಲ್ಲಿ ಆಯುಷ್ಯ ಕಳೆದವನಿಗೆ ರಸ್ತೆಯ ಸುರಕ್ಷತೆಯನ್ನು ಕುರಿತು ಮಾತನಾಡಲು ಏನು ಅಧಿಕಾರ ಎಂದು ನೀವು ಕೇಳಬಹುದು. ಅಧಿಕಾರವೇನೂ ಇಲ್ಲ, ಒಂದು ಋಣವಿದೆ. ಆ ಋಣದ ಸಂಗತಿಯಿಂದಲೇ ಮಾತನ್ನು ಆರಂಭಿಸುತ್ತೇನೆ.

ಅದು 2003ನೆಯ ಇಸವಿ. ನಾನಾಗ ಜಿಲ್ಲಾ ಕೇಂದ್ರವೊಂದರ ಹೊರವಲಯದ ಕಾಲೇಜಿನಲ್ಲಿದ್ದೆ. ಗೇಟು ದಾಟಿದರೆ ಹೆದ್ದಾರಿ. ಅಂತಿಮ ಬಿ.ಎ. ತರಗತಿಯಲ್ಲಿ ಐಚ್ಛಿಕ ಕನ್ನಡ ಓದುತ್ತಿದ್ದ ಹುಡುಗನೊಬ್ಬ ಹನ್ನೆರಡು ಕಿಲೋಮೀಟರು ದೂರದ ಹಳ್ಳಿಯಿಂದ ಬರುತ್ತಿದ್ದ. ಹಳಗನ್ನಡದ ಪದ್ಯವನ್ನು ಪದಚ್ಛೇದ ಮಾಡಿ, ಅರ್ಥಕ್ಕೆ ತಕ್ಕಂತೆ ದನಿ ಏರಿಳಿಸಿ ಓದುವುದರಲ್ಲಿ ಅವನಿಗೆ ಸಾಟಿಯಾದವರು ಆ ತರಗತಿಯಲ್ಲಿರಲಿಲ್ಲ. ಒಂದು ಸೋಮವಾರ ಅವನಿಗೆ ಬಸ್ಸು ತಪ್ಪಿತು. ಚಿಕ್ಕಪ್ಪನ ಮೋಟಾರುಬೈಕನ್ನು ಕೇಳಿ ಪಡೆದು ಹೊರಟ. ಕಾಲೇಜಿನ ಹತ್ತಿರದ ತಿರುವಿನಲ್ಲಿ ಬಸ್ಸೊಂದು ಹುಡುಗರನ್ನು ಇಳಿಸುತ್ತ ನಿಂತಿತ್ತು. ಅದನ್ನು ಬಳಸಿ ಮುಂದೆ ಸಾಗುವಾಗ ಎದುರಿನಿಂದ ಲಾರಿ ಬಂತು. ಹೆಲ್ಮೆಟ್ ಇತ್ತು. ಅದು ಪೆಟ್ರೋಲ್ ಟ್ಯಾಂಕಿನ ಮೇಲಿತ್ತು.

ಮೂರು ದಿನಗಳ ಮೇಲೆ ತರಗತಿಗೆ ಹೋದೆ. ಕೈಯಲ್ಲಿ ಹಾಜರಿ ಪುಸ್ತಕ. ಸಂಖ್ಯೆ ಕರೆಯುವುದು ನನ್ನ ರೂಢಿ. ಅಭ್ಯಾಸಬಲದಿಂದ ಒಂದೊಂದೇ ಸಂಖ್ಯೆಯನ್ನು ಹೇಳುತ್ತ "ಇಪ್ಪತ್ತೇಳು" ಎಂದುಬಿಟ್ಟೆ. ಯಾರೂ ತಲೆಯೆತ್ತಲಿಲ್ಲ. ಇಪ್ಪತ್ತೆಂಟನೆಯ ಸಂಖ್ಯೆಯನ್ನು ಕರೆಯಲು ನನ್ನಿಂದ ಆಗಲಿಲ್ಲ. ಅಂದು ಪಾಠ ನಡೆಯಲಿಲ್ಲ.

ಆ ವಾರವೆಲ್ಲ ಊರಿನಲ್ಲಿ ಕೇಳಿಬಂದ ಮಾತು ಒಂದೇ: "ಏನು ಮಾಡುವುದು ಸ್ವಾಮಿ, ಅವನ ಆಯುಸ್ಸು ಅಷ್ಟೇ ಇತ್ತು." ನಾನೂ ಆ ಮಾತಿಗೆ ತಲೆಯಾಡಿಸಿದೆ. ಆದರೆ ರಾತ್ರಿ ಮಲಗಿದಾಗ ವೃತ್ತಿಧರ್ಮದಂತೆ ಪದಗಳು ಕಾಡತೊಡಗಿದವು. ಇಂಥ ಘಟನೆಗೆ ನಾವು ಎರಡು ಪದಗಳನ್ನು ಬಳಸುತ್ತೇವೆ: ಒಂದು ಆಕಸ್ಮಿಕ, ಇನ್ನೊಂದು ಅಪಘಾತ. ಎರಡೂ ಸಂಸ್ಕೃತದಿಂದ ಬಂದವು. ಎರಡನ್ನೂ ಒಂದೇ ಅರ್ಥದವೆಂದು ತಿಳಿದಿದ್ದೇವೆ. ಆದರೆ ಅವುಗಳ ಹುಟ್ಟು ಬೇರೆ. 'ಅಕಸ್ಮಾತ್' ಎಂದರೆ ಯಾವುದರಿಂದಲೂ ಅಲ್ಲದೆ, ಎಂದರೆ ಕಾರಣವಿಲ್ಲದೆ. 'ಘಾತ' ಎಂಬುದಾದರೋ ಹೊಡೆಯುವುದು, ಕೊಲ್ಲುವುದು ಎಂಬ ಅರ್ಥದ ಧಾತುವಿನಿಂದ ಬಂದದ್ದು. ಅಲ್ಲಿ ಒಂದು ಪೆಟ್ಟಿದೆ. ಪೆಟ್ಟು ಇದ್ದಲ್ಲಿ ಅದಕ್ಕೆ ಕಾರಣವೂ ಇರಲೇಬೇಕು. ನಮ್ಮ ರಸ್ತೆಗಳಲ್ಲಿ ನಡೆಯುವುದು ಅಪಘಾತ. ನಾವು ಅದನ್ನು ಆಕಸ್ಮಿಕವೆಂದು ಕರೆದು ಸಮಾಧಾನಪಟ್ಟುಕೊಳ್ಳುತ್ತಿದ್ದೇವೆ. ಕಾರಣವಿಲ್ಲದ್ದಕ್ಕೆ ಪರಿಹಾರವನ್ನು ಹುಡುಕುವ ಶ್ರಮ ಬೇಕಿಲ್ಲವಷ್ಟೆ!

ಕಾರಣವಿಲ್ಲದ್ದು ವರ್ಷವರ್ಷವೂ ಒಂದೇ ಪ್ರಮಾಣದಲ್ಲಿ ನಡೆಯುವುದಿಲ್ಲ. ಕೇಂದ್ರ ಸರ್ಕಾರದ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ದಿನಕ್ಕೆ ಸರಾಸರಿ 462, ಗಂಟೆಗೆ 19. ನಾನು ಈ ಭಾಷಣವನ್ನು ಮುಗಿಸುವ ಹೊತ್ತಿಗೆ ಐದಾರು ಮನೆಗಳಿಗೆ ಸುದ್ದಿ ತಲುಪಿರುತ್ತದೆ. ಕರ್ನಾಟಕವೊಂದರಲ್ಲೇ ಆ ವರ್ಷ ಸತ್ತವರು 11 ಸಾವಿರಕ್ಕೂ ಹೆಚ್ಚು. ಇಡೀ ದೇಶದ ಲೆಕ್ಕದಲ್ಲಿ ಮೂರರಲ್ಲಿ ಎರಡು ಪಾಲು 18ರಿಂದ 45 ವರ್ಷದ ಒಳಗಿನವರು: ದುಡಿಯುವವರು, ಆಗತಾನೆ ಓದು ಮುಗಿಸಿದವರು, ಎಳೆಯ ಮಕ್ಕಳ ತಂದೆತಾಯಿಗಳು. ಹೆಲ್ಮೆಟ್ ಧರಿಸದೆ ಸತ್ತವರು 50,029 ಮಂದಿ. ಅವರಲ್ಲಿ 14,337 ಮಂದಿ ಹಿಂದೆ ಕುಳಿತವರು. ಲೋಕದ ಲೆಕ್ಕವೂ ಇದಕ್ಕಿಂತ ಭಿನ್ನವಾಗಿಲ್ಲ. 5ರಿಂದ 29 ವರ್ಷದವರೆಗಿನ ವಯಸ್ಸಿನವರ ಸಾವಿಗೆ ಮೊದಲ ಕಾರಣ ಯಾವ ರೋಗವೂ ಅಲ್ಲ, ರಸ್ತೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಹಾಗಾದರೆ ತರುಣರಿಗೆ ಬುದ್ಧಿ ಹೇಳಬೇಕು ಎಂದು ನೀವು ಹೇಳುವಿರಿ. ನಾವು ಮಾಡಿದ್ದೂ ಅದನ್ನೇ. ಶ್ರದ್ಧಾಂಜಲಿ ಸಭೆ ನಡೆಯಿತು. ನಾನು ಇಪ್ಪತ್ತು ನಿಮಿಷ ಮಾತನಾಡಿದೆ. ಜನವರಿಯಲ್ಲಿ ರಸ್ತೆ ಸುರಕ್ಷತಾ ಸಪ್ತಾಹ ಬಂತು. ಪ್ರಬಂಧ ಸ್ಪರ್ಧೆ ಏರ್ಪಡಿಸಿದೆವು. ಮೊದಲ ಬಹುಮಾನ ಪಡೆದ ಪ್ರಬಂಧ ನಿಜಕ್ಕೂ ಸೊಗಸಾಗಿತ್ತು; ಭಾಷೆಯಲ್ಲಿ ಒಂದು ದೋಷವಿರಲಿಲ್ಲ. ಅಂದು ಸಂಜೆ ನಾನು ಗೇಟಿನ ಬಳಿ ಬಸ್ಸಿಗೆ ಕಾಯುತ್ತಿದ್ದಾಗ ಅದನ್ನು ಬರೆದ ಹುಡುಗ ಮೋಟಾರುಬೈಕಿನಲ್ಲಿ ನನ್ನ ಮುಂದೆಯೇ ಹಾದುಹೋದ. ಬೈಕಿನ ಮೇಲೆ ಮೂವರಿದ್ದರು. ಒಬ್ಬರ ತಲೆಯ ಮೇಲೂ ಹೆಲ್ಮೆಟ್ ಇರಲಿಲ್ಲ. ಬಹುಮಾನದ ಪುಸ್ತಕ ನಡುವೆ ಕುಳಿತವನ ಕೈಯಲ್ಲಿತ್ತು. ನನ್ನನ್ನು ಕಂಡು ಮೂವರೂ ಅತ್ಯಂತ ಗೌರವದಿಂದ ತಲೆಬಾಗಿ ನಮಸ್ಕರಿಸಿದರು!

ನಗಬೇಡಿ. ದೋಷ ಆ ಹುಡುಗರದಷ್ಟೇ ಅಲ್ಲ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ಗಾದೆಯನ್ನು ನಾವೇ ಅವರಿಗೆ ಕಲಿಸಿದ್ದೇವೆ. ರಸ್ತೆಯ ಸುರಕ್ಷತೆ ಎಂಬುದು ವರ್ಷಕ್ಕೊಮ್ಮೆ ಕೇಳಬೇಕಾದ ಪುರಾಣ ಎಂದೇ ಅವರು ತಿಳಿದಿದ್ದರು. ಕೇಳಿದರು, ಬರೆದರು, ಬಹುಮಾನ ಪಡೆದರು, ಮನೆಗೆ ಹೋದರು.

ಹೊಸ ದಾರಿ ತೋರಿಸಿದವಳು ಎರಡನೆಯ ವರ್ಷದ ಒಬ್ಬ ವಿದ್ಯಾರ್ಥಿನಿ. ಮಾತು ಕಡಮೆ; ಹಿಂದಿನ ಬೆಂಚಿನವಳು. ಒಂದು ದಿನ ಅಧ್ಯಾಪಕರ ಕೊಠಡಿಗೆ ಬಂದು, "ಸಾರ್, ಅಣ್ಣ ತೀರಿಹೋದದ್ದು ಹೆಲ್ಮೆಟ್ ಇಲ್ಲದೆ ಎಂದು ಎಲ್ಲರೂ ಹೇಳ್ತಾರೆ. ನಿಜ. ಆದರೆ ಬಸ್ಸು ನಿಲ್ಲೋದು ತಿರುವಿನಲ್ಲೇ ಅಲ್ವಾ? ಅದರ ಹಿಂದಿನಿಂದ ಬರೋರಿಗೆ ಎದುರಿನ ಗಾಡಿ ಕಾಣೋದೇ ಇಲ್ಲ. ನಾವು ಇಳಿದು ಬಸ್ಸಿನ ಮುಂದಿನಿಂದ ರಸ್ತೆ ದಾಟ್ತೀವಿ. ದಿನಾ ಹೆದರಿಕೊಂಡೇ ದಾಟ್ತೀವಿ, ಸಾರ್" ಎಂದಳು.

ನಾನು ಒಂಬತ್ತು ವರ್ಷ ಅದೇ ನಿಲ್ದಾಣದಲ್ಲಿ ಹತ್ತಿ ಇಳಿದಿದ್ದೆ. ಅದು ತಿರುವಿನಲ್ಲಿದೆ ಎಂಬುದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಹುಡುಗನಿಗೆ ಬುದ್ಧಿ ಹೇಳುವುದರಲ್ಲಿ ನಾನೆಷ್ಟು ಮುಂದಿದ್ದೆನೋ ರಸ್ತೆಯನ್ನು ನೋಡುವುದರಲ್ಲಿ ಅಷ್ಟೇ ಹಿಂದಿದ್ದೆ. ನನ್ನ ಋಣವೆಂದರೆ ಇದೇ.

ಗಾಂಧೀ ಜನ್ಮಶತಾಬ್ದಿಯ ಕಾಲದಲ್ಲಿ, 1969ರಲ್ಲಿ, ದೇಶದ 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯನ್ನು ನೀವೆಲ್ಲ ಬಲ್ಲಿರಿ. ನಮ್ಮ ಕಾಲೇಜಿನಲ್ಲೂ ಅದರ ಘಟಕವಿತ್ತು. ಶಿಬಿರಕ್ಕೆ ಹೋಗಿ ಚರಂಡಿ ತೆಗೆಯುವ, ಗಿಡ ನೆಡುವ ಕೆಲಸ ನಡೆಯುತ್ತಿತ್ತು. ಆ ವರ್ಷ ಹುಡುಗರಿಗೆ ಬೇರೊಂದು ಕೆಲಸ ಕೊಟ್ಟೆವು: ನೋಡುವುದು, ಎಣಿಸುವುದು, ಬರೆದಿಡುವುದು. ಕಾಂಪೌಂಡಿನ ಒಳಗಿನ ಮೆಟ್ಟಿಲುಗಳ ಮೇಲೆ ನಿಂತು, ರಸ್ತೆಗೆ ಕಾಲಿಡದೆ, ಬೆಳಗಿನ ಎಂಟೂವರೆಯಿಂದ ಹತ್ತರವರೆಗೆ ಎರಡು ವಾರ ಅವರು ಲೆಕ್ಕ ಹಿಡಿದರು. ಎಷ್ಟು ಲಾರಿ, ಎಷ್ಟು ಬಸ್ಸು, ಎಷ್ಟು ಬೈಕು. ಬೈಕಿನ ಮೇಲೆ ಎಷ್ಟು ತಲೆ, ಅವುಗಳಲ್ಲಿ ಮುಚ್ಚಿದ ತಲೆ ಎಷ್ಟು. ರಸ್ತೆ ದಾಟಲು ಒಬ್ಬ ಹುಡುಗಿ ಎಷ್ಟು ಹೊತ್ತು ಕಾಯಬೇಕು. ಎಲ್ಲಿ ಓಡುತ್ತಾರೆ, ಎಲ್ಲಿ ಹಿಂದಕ್ಕೆ ಜಿಗಿಯುತ್ತಾರೆ. ಒಂದು ನೋಟ್ ಬುಕ್ಕಿನ ತುಂಬ ಗೀಟುಗಳು.

ಭೌತಶಾಸ್ತ್ರದ ನನ್ನ ಸಹೋದ್ಯೋಗಿಯೊಬ್ಬರು ಇದನ್ನು ಕಂಡು ಉತ್ಸಾಹಗೊಂಡರು. ಆಟದ ಬಯಲಿಗೆ ಎಲ್ಲರನ್ನೂ ಕರೆದೊಯ್ದು ಸುಣ್ಣದ ಪುಡಿಯಿಂದ ಗೆರೆಗಳನ್ನು ಎಳೆಸಿದರು. ಅವರು ಅಂದು ಹೇಳಿದ್ದು ಲೆಕ್ಕದಲ್ಲಿ ಸದಾ ಹಿಂದುಳಿದಿದ್ದ ನನ್ನ ತಲೆಯಲ್ಲೂ ನಿಂತಿದೆ. ಗಂಟೆಗೆ 36 ಕಿಲೋಮೀಟರು ವೇಗದಲ್ಲಿ ಹೋಗುವ ವಾಹನ ಸೆಕೆಂಡಿಗೆ 10 ಮೀಟರು ಸಾಗುತ್ತದೆ. ಅಪಾಯವನ್ನು ಕಂಡು, ಅದನ್ನು ಗ್ರಹಿಸಿ, ಬ್ರೇಕನ್ನು ಒತ್ತುವುದಕ್ಕೆ ಮನುಷ್ಯನಿಗೆ ಸುಮಾರು ಒಂದು ಸೆಕೆಂಡು ಬೇಕು. ಅಷ್ಟರಲ್ಲಿ 10 ಮೀಟರು ಹೋಯಿತು. ರಸ್ತೆ ಒಣಗಿದ್ದು, ಬ್ರೇಕು ಸರಿಯಾಗಿದ್ದರೆ ನಿಲ್ಲಲು ಮತ್ತೆ ಹತ್ತಿರ ಹತ್ತಿರ 10 ಮೀಟರು. ಒಟ್ಟು 20. ವೇಗವನ್ನು ಇಮ್ಮಡಿ ಮಾಡಿ 72 ಎಂದಿಟ್ಟುಕೊಳ್ಳಿ. ಮೊದಲ ಸೆಕೆಂಡಿನಲ್ಲೇ 20 ಮೀಟರು. ಬ್ರೇಕು ಹಿಡಿದ ಮೇಲಿನ ದೂರ ಇಮ್ಮಡಿಯಾಗುವುದಿಲ್ಲ, ನಾಲ್ಮಡಿಯಾಗುತ್ತದೆ: 40 ಮೀಟರು. ಒಟ್ಟು 60.

ಹುಡುಗರು ಗೆರೆಯಿಂದ ಗೆರೆಗೆ ಹೆಜ್ಜೆ ಹಾಕಿ ಅಳೆದರು. 20 ಮೀಟರಿನ ಗೆರೆಯ ಮೇಲೆ ಒಬ್ಬ ಹುಡುಗನನ್ನು ನಿಲ್ಲಿಸಿ ನನ್ನ ಸಹೋದ್ಯೋಗಿ ಹೇಳಿದರು: "ಇವನನ್ನು ಕಂಡು ಮೊದಲನೆಯ ಸವಾರ ಇಲ್ಲಿ ಪೂರ್ತಿ ನಿಂತಿದ್ದಾನೆ. ಎರಡನೆಯವನು ಇದೇ ಗೆರೆಯ ಹತ್ತಿರ ಆಗತಾನೆ ಬ್ರೇಕಿಗೆ ಕಾಲಿಡುತ್ತಿದ್ದಾನೆ." ಬಯಲಿನಲ್ಲಿ ಸದ್ದಡಗಿತು. ಪ್ರಬಂಧ ಸ್ಪರ್ಧೆಯ ಬಹುಮಾನಿತನೂ ಅಲ್ಲಿದ್ದ. ಅವನ ಮುಖದಲ್ಲಿ ಅಂದು ಕಂಡದ್ದನ್ನು ನನ್ನ ಇಪ್ಪತ್ತು ನಿಮಿಷದ ಭಾಷಣದ ವೇಳೆ ನಾನು ಯಾರ ಮುಖದಲ್ಲೂ ಕಂಡಿರಲಿಲ್ಲ.

ಲೆಕ್ಕ ಹಿಡಿದದ್ದರಿಂದ ಏನಾಯಿತು? ನೋಟ್ ಬುಕ್ಕಿನ ಸಾರವನ್ನು ಎರಡು ಪುಟದ ಅರ್ಜಿಯಾಗಿ ಬರೆದರು. ಬರೆಯಲು ಕಲಿಸಿದ್ದು ಮಾತ್ರ ನನ್ನ ಪಾಲು: ವಿಶೇಷಣಗಳನ್ನು ತೆಗೆಯಿರಿ, ಅಂಕೆಗಳನ್ನು ಬಿಡಿ ಎಂದೆ. ಸಂಬಂಧಪಟ್ಟ ಕಚೇರಿಗೆ ಮೂರು ಸಲ ಹೋದರು. ಮೊದಲ ಸಲ ಅರ್ಜಿ ಕಳೆದುಹೋಯಿತು. ಎರಡನೆಯ ಸಲ ಇದು ನಮಗೆ ಸೇರಿದ್ದಲ್ಲ ಎಂಬ ಉತ್ತರ ಬಂತು. ಮೂರನೆಯ ಸಲ ಹಿರಿಯ ಅಧಿಕಾರಿಯೊಬ್ಬರು ನೋಟ್ ಬುಕ್ಕನ್ನೇ ತರಿಸಿಕೊಂಡು ಪುಟ ತಿರುವಿದರು. ತಾವೇ ಒಂದು ಬೆಳಿಗ್ಗೆ ಬಂದು ನಿಂತು ನೋಡಿದರು. ಒಂದೂವರೆ ವರ್ಷದ ಮೇಲೆ ಬಸ್ಸಿನ ನಿಲ್ದಾಣ ತಿರುವಿನಿಂದ ನೂರು ಹೆಜ್ಜೆ ಆಚೆಗೆ ಸರಿಯಿತು. ಗೇಟಿನ ಎರಡೂ ಕಡೆ ರಸ್ತೆಯ ಉಬ್ಬುಗಳು ಬಂದವು. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಭದ್ರಪಡಿಸಿದಂತಾಯಿತು ಎಂದು ಕೆಲವರು ಹೇಳಿದರು. ನಿಜವೇ. ಆದರೆ ಆ ಬಾಗಿಲಿನ ಒಳಗೆ ಇನ್ನೂ ಮಕ್ಕಳಿದ್ದರಲ್ಲ!

ಇನ್ನೊಂದು ಪರಿಣಾಮವನ್ನು ನಾವು ನಿರೀಕ್ಷಿಸಿರಲಿಲ್ಲ. ಲೆಕ್ಕ ಹಿಡಿದ ಹುಡುಗರಲ್ಲಿ ಹಲವರು ತಾವಾಗಿಯೇ ಹೆಲ್ಮೆಟ್ ಧರಿಸತೊಡಗಿದರು. ಯಾರೂ ಅವರಿಗೆ ಹೇಳಿರಲಿಲ್ಲ. ಎರಡು ವಾರ ಬೇರೆಯವರ ಬರಿದಲೆಗಳನ್ನು ಎಣಿಸಿದವನಿಗೆ ತನ್ನ ತಲೆ ತಾನೇ ಲೆಕ್ಕಕ್ಕೆ ಸಿಕ್ಕಿತು. ಎಲ್ಲರೂ ಬದಲಾದರೆಂದು ಹೇಳಿದರೆ ಅದು ಸುಳ್ಳಾದೀತು. ಅವರಲ್ಲೊಬ್ಬನನ್ನು ಮರುವರ್ಷ ಪೇಟೆಯಲ್ಲಿ ಬರಿದಲೆಯಲ್ಲೇ ಕಂಡೆ. ಆದರೆ ಅವನು ಈ ಸಲ ನಮಸ್ಕರಿಸಲಿಲ್ಲ, ಮುಖ ಮರೆಮಾಡಿಕೊಂಡ. ಅದನ್ನೂ ನಾನು ಒಂದು ಪ್ರಗತಿಯೆಂದೇ ಎಣಿಸುತ್ತೇನೆ.

ನೋಡಿ ಬರೆದಿಡುವುದಕ್ಕೆ ಎಂಥ ಶಕ್ತಿಯಿದೆ ಎಂಬುದಕ್ಕೆ ಸಾಹಿತ್ಯಾಸಕ್ತರಾದ ನಿಮಗೆ ಹಿಡಿಸಬಹುದಾದ ಒಂದು ನಿದರ್ಶನವಿದೆ. 'ಅರೇಬಿಯಾದ ಲಾರೆನ್ಸ್' ಎಂದು ಹೆಸರಾದ ಟಿ.ಇ. ಲಾರೆನ್ಸ್‌ನನ್ನು ನೀವು ಓದಿರಬಹುದು. 'ಸೆವೆನ್ ಪಿಲ್ಲರ್ಸ್ ಆಫ್ ವಿಸ್ಡಮ್' ಎಂಬ ಗ್ರಂಥದ ಕರ್ತೃ. ಯುದ್ಧಭೂಮಿಯಿಂದ ಜೀವಂತವಾಗಿ ಮರಳಿದ ಆತ 1935ರ ಮೇ 13ರಂದು ಇಂಗ್ಲೆಂಡಿನ ಡಾರ್ಸೆಟ್ ಪ್ರಾಂತದ ಹಳ್ಳಿಯ ರಸ್ತೆಯೊಂದರಲ್ಲಿ ಮೋಟಾರುಬೈಕಿನಲ್ಲಿ ಹೋಗುತ್ತಿದ್ದ. ಎದುರಿಗೆ ಸೈಕಲ್ ಮೇಲೆ ಹೋಗುತ್ತಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಬಿದ್ದ. ತಲೆಗೆ ಪೆಟ್ಟಾಯಿತು. ಆರು ದಿನ ಪ್ರಜ್ಞೆಯಿಲ್ಲದೆ ಮಲಗಿ ಮೇ 19ರಂದು, ತನ್ನ 46ನೆಯ ವಯಸ್ಸಿನಲ್ಲಿ, ತೀರಿಕೊಂಡ.

ಆತನನ್ನು ನೋಡಲು ಬಂದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮಿದುಳಿನ ಶಸ್ತ್ರವೈದ್ಯನೊಬ್ಬನಿದ್ದ. ಲಾರೆನ್ಸ್‌ನನ್ನು ಉಳಿಸಲಾಗಲಿಲ್ಲ. ಇದು ವಿಧಿ ಎಂದು ಅವನು ಕೈಚೆಲ್ಲಲಿಲ್ಲ, ಎಣಿಸತೊಡಗಿದ. ಎರಡನೆಯ ಮಹಾಯುದ್ಧದ ಆರಂಭದಲ್ಲಿ ಸೈನ್ಯದ ಸಂದೇಶ ಒಯ್ಯುವ ಬೈಕ್ ಸವಾರರು, ಅವರಲ್ಲಿ ಬಹುಮಂದಿ ಎಳೆಯರು, ಶತ್ರುವಿನ ಗುಂಡಿಲ್ಲದೆಯೇ ರಸ್ತೆಯಲ್ಲಿ ಸಾಯುತ್ತಿದ್ದರು. 1941ರಲ್ಲಿ ಕೇರ್ನ್ಸ್ ತನ್ನ ಲೆಕ್ಕವನ್ನು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ. ಶಿರಸ್ತ್ರಾಣ ಧರಿಸಿದ್ದು ಅಪಘಾತಕ್ಕೆ ಸಿಕ್ಕವರು ಅವನಿಗೆ ಕಂಡದ್ದು ಏಳೇ ಮಂದಿ. ಏಳೂ ಮಂದಿ ಬದುಕಿದ್ದರು. ಅದೇ ವರ್ಷದ ನವೆಂಬರಿನಲ್ಲಿ ಬ್ರಿಟಿಷ್ ಸೈನ್ಯ ಕರ್ತವ್ಯದ ಮೇಲಿನ ಬೈಕ್ ಸವಾರರಿಗೆ ಶಿರಸ್ತ್ರಾಣವನ್ನು ಕಡ್ಡಾಯ ಮಾಡಿತು. ಆ ದೇಶದ ಸಾಮಾನ್ಯ ಸವಾರನಿಗೆ ಅದು ಕಡ್ಡಾಯವಾದದ್ದು 1973ರಲ್ಲಿ. ಇಂದು ನಮ್ಮ ಮಕ್ಕಳು ಬೇಸರಪಟ್ಟು ತಲೆಗೇರಿಸುವ ಹೆಲ್ಮೆಟ್ಟಿನ ಹಿಂದೆ ಒಬ್ಬ ಲೇಖಕನ ಸಾವೂ ಒಬ್ಬ ವೈದ್ಯನ ಲೆಕ್ಕದ ಪುಸ್ತಕವೂ ಇವೆ.

ಕೇರ್ನ್ಸ್ ವೈದ್ಯ, ವಿದ್ವಾಂಸ. ಮಕ್ಕಳಿಂದ ಏನಾದೀತು ಎಂಬ ಸಂಶಯ ಬರಬಹುದು. ಹಾಗಾದರೆ ಹಾಲೆಂಡಿನ ಕಥೆಯನ್ನು ಕೇಳಿ. ಇಂದು ಸೈಕಲ್ಲುಗಳ ನಾಡೆಂದು ಹೊಗಳಿಸಿಕೊಳ್ಳುವ ಆ ದೇಶ ಐವತ್ತು ವರ್ಷಗಳ ಹಿಂದೆ ಹಾಗಿರಲಿಲ್ಲ. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸತ್ತವರು 3 ಸಾವಿರಕ್ಕೂ ಹೆಚ್ಚು. ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ಮಗಳನ್ನು ರಸ್ತೆಯಲ್ಲಿ ಕಳೆದುಕೊಂಡ ಪತ್ರಕರ್ತನೊಬ್ಬ ಮರುವರ್ಷ 'ಮಕ್ಕಳ ಕೊಲೆ ನಿಲ್ಲಿಸಿ' ಎಂಬ ತಲೆಬರಹ ಕೊಟ್ಟು ಪತ್ರಿಕೆಯಲ್ಲಿ ಬರೆದ. ಆಕಸ್ಮಿಕ ಎನ್ನಲಿಲ್ಲ, ಗಮನಿಸಿ, ಕೊಲೆ ಎಂದ. ಆ ತಲೆಬರಹವೇ ಒಂದು ಚಳವಳಿಯ ಹೆಸರಾಯಿತು.

ಅದೇ 1972ರಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರದ ದ ಪೈಪ್ ಎಂಬ ಕಿಕ್ಕಿರಿದ ಬಡಾವಣೆಯ ಮಕ್ಕಳು ತಮ್ಮ ಬೀದಿಯಲ್ಲಿ ಆಡಲು ಜಾಗವಿಲ್ಲ, ನಡೆಯಲೂ ಜಾಗವಿಲ್ಲ ಎಂದು ಎದ್ದರು. ಬೀದಿಗೆ ತಾವೇ ತಡೆಯಿಟ್ಟು ಅಲ್ಲಿ ಆಡಿದರು. ಸಿಟ್ಟಿಗೆದ್ದ ಕಾರಿನವರೊಂದಿಗೆ ವಾದಿಸಿದರು. ಇದೆಲ್ಲವನ್ನೂ ದೂರದರ್ಶನದವರು ಚಿತ್ರಿಸಿ ಇಡೀ ದೇಶಕ್ಕೆ ತೋರಿಸಿದರು. ತಂದೆತಾಯಿಗಳು ಮಕ್ಕಳ ಹಿಂದೆ ಬಂದರು. ಆಳುವವರು ಅವರ ಹಿಂದೆ ಬರಬೇಕಾಯಿತು. ಮನೆಗಳ ನಡುವಣ ಬೀದಿಗಳಲ್ಲಿ ನಡೆಯುವವರಿಗೂ ಆಡುವ ಮಕ್ಕಳಿಗೂ ಮೊದಲ ಹಕ್ಕು, ವಾಹನ ನಡಿಗೆಯ ವೇಗದಲ್ಲಿ ಸಾಗಬೇಕು ಎಂಬ ವ್ಯವಸ್ಥೆಗೆ 1976ರಲ್ಲಿ ಅಲ್ಲಿ ಕಾನೂನಿನ ಮನ್ನಣೆ ದೊರೆಯಿತು. ಇತ್ತೀಚಿನ ವರ್ಷಗಳಲ್ಲಿ ಆ ದೇಶದಲ್ಲಿ ರಸ್ತೆಯ ಸಾವು ವರ್ಷಕ್ಕೆ ಏಳುನೂರರ ಆಸುಪಾಸಿನಲ್ಲಿದೆ. ಮಕ್ಕಳು ಮಾತ್ರ ಇದನ್ನೆಲ್ಲ ಮಾಡಿದರೆಂದು ನಾನು ಹೇಳುವುದಿಲ್ಲ. ಎಂಜಿನಿಯರರು, ಶಾಸಕರು, ವೈದ್ಯರು ಎಲ್ಲರೂ ದುಡಿದರು. ಆದರೆ ರಸ್ತೆ ಯಾರದು ಎಂಬ ಪ್ರಶ್ನೆಯನ್ನು ದೊಡ್ಡವರು ಕೇಳುವಂತೆ ಮಾಡಿದವರಲ್ಲಿ ಆ ಮಕ್ಕಳೂ ಇದ್ದರು.

ಲೋಕ ಈ ಪಾಠವನ್ನು ನಿಧಾನವಾಗಿ ಕಲಿಯುತ್ತಿದೆ. 2007ರ ಏಪ್ರಿಲ್ ತಿಂಗಳಿನಲ್ಲಿ ವಿಶ್ವಸಂಸ್ಥೆಯ ಮೊದಲ ಜಾಗತಿಕ ರಸ್ತೆ ಸುರಕ್ಷತಾ ಸಪ್ತಾಹ ನಡೆದಾಗ ಅದರ ವಿಷಯವೇ ತರುಣರಾಗಿದ್ದರು. ಜಿನೀವಾದಲ್ಲಿ ಹಲವು ದೇಶಗಳ ಯುವಜನರು ಸೇರಿ ತಮ್ಮದೇ ಘೋಷಣೆಯನ್ನು ಹೊರಡಿಸಿದರು.

ನಮ್ಮಲ್ಲಿ ತರುಣರು ಮಾಡಬಹುದಾದದ್ದೇನು? ಮೊದಲನೆಯದಾಗಿ, ಏನು ಮಾಡಬಾರದು ಎಂಬುದನ್ನು ಹೇಳಿಬಿಡುತ್ತೇನೆ. ಎಳೆಯ ಮಕ್ಕಳ ಕೈಗೆ ಸೀಟಿ ಕೊಟ್ಟು ರಸ್ತೆಯ ನಡುವೆ ನಿಲ್ಲಿಸಬಾರದು. ಚಿತ್ರ ತೆಗೆಯಲು ಅದು ಚೆನ್ನ. ಆದರೆ ಮಕ್ಕಳನ್ನು ರಕ್ಷಿಸುವ ಕೆಲಸಕ್ಕೆ ಮಕ್ಕಳನ್ನೇ ಅಪಾಯಕ್ಕೆ ಒಡ್ಡುವುದು ವಿವೇಕವಲ್ಲ. ಅವರ ಕೆಲಸ ಕಣ್ಣಿನದು, ಲೆಕ್ಕದ್ದು, ಮಾತಿನದು.

ಶಾಲೆಯ ಮುಂದಿನ ರಸ್ತೆಯ ನಕ್ಷೆಯನ್ನು ಬರೆದು ಎಲ್ಲಿ ಭಯವಾಗುತ್ತದೆ ಎಂದು ಗುರುತು ಮಾಡಲು ಹತ್ತು ವರ್ಷದ ಮಗುವೂ ಬಲ್ಲುದು. ಅಳಿಸಿಹೋದ ದಾಟುಪಟ್ಟಿ, ಕೊಂಬೆಯ ಮರೆಯಲ್ಲಿ ಅಡಗಿದ ಫಲಕ, ಉರಿಯದ ಬೀದಿದೀಪ, ಅಂಗಡಿಯ ಸಾಮಾನು ತುಂಬಿದ ಕಾಲುದಾರಿ ಇವುಗಳನ್ನು ಕಾರಿನಲ್ಲಿ ಓಡಾಡುವ ಅಧಿಕಾರಿಗಿಂತ ನಡೆದು ಬರುವ ಹುಡುಗಿ ಚೆನ್ನಾಗಿ ಬಲ್ಲಳು. ಆಕೆಯನ್ನು ಕೇಳುವವರು ಬೇಕು. ಕೇಳಿದ್ದಕ್ಕೆ ಲಿಖಿತ ಉತ್ತರ ಕೊಡುವವರು ಬೇಕು. ಉತ್ತರ ಬಾರದಿದ್ದರೆ ಈ ಕೆಲಸವೂ ಇನ್ನೊಂದು ಪ್ರಬಂಧ ಸ್ಪರ್ಧೆಯೇ ಆದೀತು.

ಎರಡನೆಯದು ಮನೆಯ ಒಳಗಿನ ಕೆಲಸ. ಮಗ ಹತ್ತನೆಯ ತರಗತಿ ಪಾಸಾದನೆಂದು ಸ್ಕೂಟರು ಕೊಡಿಸುವ ತಂದೆಯರಿದ್ದಾರೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ಪ್ರಕಾರ ಅಪ್ರಾಪ್ತ ವಯಸ್ಕ ವಾಹನ ನಡೆಸಿ ಅಪರಾಧವೆಸಗಿದರೆ ಅದರ ಹೊಣೆ ಪೋಷಕನ ಮೇಲೆ ಅಥವಾ ವಾಹನದ ಮಾಲೀಕನ ಮೇಲೆ ಬೀಳುತ್ತದೆ: ಮೂರು ವರ್ಷದವರೆಗೆ ಸೆರೆವಾಸ, 25 ಸಾವಿರ ರೂಪಾಯಿ ದಂಡ. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಇದನ್ನು ತಂದೆಗೆ ಪೊಲೀಸರು ಹೇಳುವುದಕ್ಕಿಂತ ಮಗಳು ಹೇಳಿದರೆ ಬೇಗ ನಾಟುತ್ತದೆ. "ಅಪ್ಪಾ, ಹೆಲ್ಮೆಟ್ ಹಾಕಿಕೊಂಡರೆ ಮಾತ್ರ ನಾನು ನಿಮ್ಮ ಹಿಂದೆ ಕೂರುತ್ತೇನೆ" ಎಂದು ಹೇಳುವ ಮಗುವಿಗೆ ಎದುರಾಡಬಲ್ಲ ತಂದೆಯನ್ನು ನಾನು ಕಂಡಿಲ್ಲ. ನಾಲ್ಕು ವರ್ಷ ದಾಟಿದ ಮಗುವಿಗೂ ಹೆಲ್ಮೆಟ್ ಬೇಕೆಂಬುದು ಅದೇ ಕಾಯಿದೆಯ ಮಾತು.

ಮೂರನೆಯದು, ಬಿದ್ದವರ ಬಳಿ ನಿಲ್ಲುವ ಕೆಲಸ. 2017ರ ಫೆಬ್ರವರಿಯಲ್ಲಿ ಕೊಪ್ಪಳದಲ್ಲಿ ಬಸ್ಸಿಗೆ ಸಿಕ್ಕಿ ಬಿದ್ದ ಹದಿನೆಂಟು ವರ್ಷದ ಸೈಕಲ್ ಸವಾರನೊಬ್ಬ ರಕ್ತ ಹರಿಯುತ್ತ ಸಹಾಯಕ್ಕಾಗಿ ಮೊರೆಯಿಡುತ್ತಿದ್ದಾಗ ಸುತ್ತ ನೆರೆದವರು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತ ನಿಂತಿದ್ದರು. ಆ ಹುಡುಗ ಉಳಿಯಲಿಲ್ಲ. ಅದರ ಹಿಂದಿನ ವರ್ಷ, ಅದೇ ಫೆಬ್ರವರಿಯಲ್ಲಿ, ನೆಲಮಂಗಲದ ಬಳಿ ಲಾರಿಗೆ ಸಿಕ್ಕಿದ ಹರೀಶ್ ಎಂಬ ತರುಣ ಸಾಯುವ ಹೊತ್ತಿನಲ್ಲೂ ತನ್ನ ಅಂಗಗಳನ್ನು ದಾನಮಾಡಿ ಎಂದು ಬೇಡಿಕೊಂಡ. ಅವನ ಕಣ್ಣುಗಳು ದಾನವಾದವು. ಗಾಯಾಳುವಿಗೆ ಮೊದಲ 48 ಗಂಟೆ 25 ಸಾವಿರ ರೂಪಾಯಿವರೆಗಿನ ಚಿಕಿತ್ಸೆಯನ್ನು ಉಚಿತವಾಗಿ ಕೊಡಿಸುವ ಯೋಜನೆಯನ್ನು ಕರ್ನಾಟಕ ಸರ್ಕಾರ 2016ರಲ್ಲಿ ಅವನ ಹೆಸರಿನಲ್ಲೇ ಆರಂಭಿಸಿತು. 2025ರ ಮೇ ತಿಂಗಳಿನಲ್ಲಿ ಕೇಂದ್ರ ಸರ್ಕಾರವೂ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿಯವರೆಗೆ, ನಗದಿಲ್ಲದ ಚಿಕಿತ್ಸೆಯ ಯೋಜನೆಯನ್ನು ಜಾರಿಗೆ ತಂದಿತು.

ಜನ ಹತ್ತಿರ ಹೋಗದಿರಲು ಕಾರಣ ಕ್ರೌರ್ಯವಲ್ಲ, ಬಹುಮಟ್ಟಿಗೆ ಭಯ. ಪೊಲೀಸು, ಕೋರ್ಟು, ಸಾಕ್ಷಿ ಎಂಬ ಭಯ. ಆ ಭಯಕ್ಕೆ ಈಗ ಆಧಾರವಿಲ್ಲ. ಸಹಾಯಕ್ಕೆ ಬಂದವರನ್ನು ಪೀಡಿಸಬಾರದೆಂಬ ಮಾರ್ಗಸೂಚಿಗಳನ್ನು 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. 2019ರ ತಿದ್ದುಪಡಿ ಆ ರಕ್ಷಣೆಯನ್ನು ಕಾಯಿದೆಯಲ್ಲೇ ಸೇರಿಸಿತು. 108ಕ್ಕೆ ಫೋನು ಮಾಡುವುದು, ರಕ್ತ ಸೋರುವ ಜಾಗವನ್ನು ಶುಚಿಯಾದ ಬಟ್ಟೆಯಿಂದ ಒತ್ತಿ ಹಿಡಿಯುವುದು, ಕುತ್ತಿಗೆಯನ್ನು ಅಲುಗಿಸದಿರುವುದು, ಬಾಯಿಗೆ ನೀರು ಸುರಿಯದಿರುವುದು, ಇಷ್ಟನ್ನು ಪ್ರತಿ ಕಾಲೇಜಿನಲ್ಲಿ ಒಂದು ಮಧ್ಯಾಹ್ನದಲ್ಲಿ ಕಲಿಸಬಹುದು. ಮೊಬೈಲನ್ನು ಎತ್ತುವ ಕೈ ಮೊದಲು ಈ ಕೆಲಸಕ್ಕೆ ಏಳಬೇಕು.

ಕೇಳುಗರೆ, ತರುಣರು ದುಡುಕಿನವರು, ಅವರಿಂದಲೇ ಈ ಅನಾಹುತ ಎಂದು ಹೇಳುವುದು ಸುಲಭ. ದುಡುಕು ಆ ವಯಸ್ಸಿಗೆ ಇದ್ದದ್ದೇ. ಆದರೆ ಅದೇ ವಯಸ್ಸಿಗೆ ಚುರುಕಾದ ಕಣ್ಣಿದೆ, ಅನ್ಯಾಯವನ್ನು ಸಹಿಸದ ಮನಸ್ಸಿದೆ, ಮೂರು ಸಲ ಕಚೇರಿಯ ಮೆಟ್ಟಿಲೇರುವ ಕಾಲಿದೆ. ನಾವು ಅವರ ಕಿವಿಯನ್ನು ಮಾತ್ರ ಬೇಡುತ್ತ ಬಂದಿದ್ದೇವೆ.

ಗೀಟುಗಳಿಂದ ತುಂಬಿದ ಆ ನೋಟ್ ಬುಕ್ಕು ನಿವೃತ್ತನಾದ ದಿನ ನನ್ನ ಜೊತೆ ಮನೆಗೆ ಬಂತು. ಅದರ ಮೊದಲ ಪುಟದಲ್ಲಿ ಹುಡುಗರು ಯಾವ ಶೀರ್ಷಿಕೆಯನ್ನೂ ಬರೆದಿಲ್ಲ. 27 ಎಂಬ ಅಂಕೆಯನ್ನು ಮಾತ್ರ ಬರೆದು ಕೆಳಗೆ ಗೆರೆ ಎಳೆದಿದ್ದಾರೆ.

ನಿಮ್ಮಲ್ಲಿ ನನ್ನದೊಂದು ಬೇಡಿಕೆ. ನಾಳೆ ಬೆಳಿಗ್ಗೆ ಅರ್ಧ ಗಂಟೆ ಬಿಡುವು ಮಾಡಿಕೊಂಡು, ನಿಮ್ಮ ಮನೆಯ ಹುಡುಗನನ್ನೋ ಹುಡುಗಿಯನ್ನೋ ಜೊತೆಗೆ ಕರೆದುಕೊಂಡು, ಹತ್ತಿರದ ಶಾಲೆಯ ಗೇಟಿನ ಒಳಗೆ ನಿಲ್ಲಿ. ನೀವೇನೂ ಹೇಳಬೇಡಿ. ಅವರ ಕೈಗೆ ಒಂದು ಹಾಳೆ, ಒಂದು ಪೆನ್ಸಿಲು ಕೊಟ್ಟು, ಇಲ್ಲಿ ಏನು ಸರಿಯಿಲ್ಲ ಎಂದು ಕೇಳಿ. ಅವರು ಹೇಳಿದ್ದನ್ನು ಬರೆದುಕೊಳ್ಳಿ.